ನಾಲ್ಕು ಬೆನ್ನು, ಎಂಟು ಹುಟ್ಟು

ನನ್ನ ಬಲಗೈ ಗೆಣ್ಣಿನ ಮೇಲೆ ಒಂದು ಸಣ್ಣ ಕಲೆ ಇದೆ. ಮಾಡಿದ್ದು ನನ್ನದೇ ಎಡಗೈ ಉಗುರು. ಕೆಲವು ವರ್ಷಗಳ ಹಿಂದೆ, ವಯಸ್ಸಿಗೆ ಮೀರಿದ ಹುಮ್ಮಸ್ಸಿನಲ್ಲಿ, ಆರು ವಾರ ರೋಯಿಂಗ್ ಕಲಿಯಲು ಹೋಗಿದ್ದೆ. ಎರಡು ಕೈಗೆ ಎರಡು ಹುಟ್ಟು ಕೊಟ್ಟರು. ಎಳೆಯುವಾಗ ಎರಡೂ ಹಿಡಿಗಳು ಹೊಟ್ಟೆಯ ಮುಂದೆ ಒಂದರ ಮೇಲೊಂದು ಹಾದು ಹೋಗುತ್ತವೆ, ಸಾಮಾನ್ಯವಾಗಿ ಎಡಗೈ ಮೇಲೆ, ಬಲಗೈ ಕೆಳಗೆ. ನಡುವೆ ಒಂದು ಬೆರಳಿನಷ್ಟು ಜಾಗ ಇದ್ದರೆ ಹೆಚ್ಚು. ಹೊಸಬರಿಗೆ ಅದೂ ಇರುವುದಿಲ್ಲ. ಮೊದಲ ವಾರ ಮುಗಿಯುವಷ್ಟರಲ್ಲಿ ಗೆಣ್ಣಿನ ಚರ್ಮ ಸುಲಿದು ಹೋಗಿತ್ತು. ಕಲಿಸುವವರು ನೋಡಿ ನಕ್ಕರು. "ಎಲ್ಲರಿಗೂ ಆಗುತ್ತೆ ಬಿಡಿ, ನಾಳೆ ಟೇಪ್ ಸುತ್ತಿಕೊಂಡು ಬನ್ನಿ" ಅಂದರು. ಅಷ್ಟೇ.

ರೋಯಿಂಗ್ ಕಲಿತೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಆದರೆ ಟಿವಿಯಲ್ಲಿ ರೋಯಿಂಗ್ ಬಂದರೆ ಚಾನೆಲ್ ಬದಲಾಯಿಸುತ್ತಿದ್ದವನು ಈಗ ಕುರ್ಚಿಯ ತುದಿಗೆ ಬಂದು ಕೂರುತ್ತೇನೆ. ಮೊನ್ನೆ ರಾತ್ರಿ ಸುಮ್ನೆ ಹಳೆಯ ವಿಡಿಯೋ ಹುಡುಕುತ್ತಾ 2018ರ ಏಷ್ಯನ್ ಗೇಮ್ಸ್‌ಗೆ ಹೋದೆ. ಇಂಡೊನೇಷ್ಯಾದ ಪಾಲೆಂಬಾಂಗ್, ಜಕಾಬಾರಿಂಗ್ ಕೆರೆ, ಪುರುಷರ ಕ್ವಾಡ್ರಪಲ್ ಸ್ಕಲ್ಸ್ ಫೈನಲ್. ಭಾರತ ಚಿನ್ನ ಗೆದ್ದ ರೇಸ್. ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ ಹೇಳಿ? ಆ ವರ್ಷ ನನಗೂ ಗೊತ್ತಿದ್ದದ್ದು ಪತ್ರಿಕೆಯಲ್ಲಿ ಓದಿದ ಎರಡು ಸಾಲು ಮಾತ್ರ.

ಮೊದಲು ಈ ಹೆಸರಿನ ಗೊಂದಲ ಮುಗಿಸಿಬಿಡುತ್ತೇನೆ. ಒಬ್ಬನಿಗೆ ಒಂದೇ ಒಂದು ಉದ್ದನೆಯ ಹುಟ್ಟು, ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಕಡೆ ಎಳೆದರೆ ಅದು ಸ್ವೀಪ್. ಒಬ್ಬನಿಗೆ ಕೈಗೊಂದರಂತೆ ಎರಡು ಹುಟ್ಟು ಇದ್ದರೆ ಅದು ಸ್ಕಲ್ಲಿಂಗ್. ಸ್ಕಲ್ಲಿಂಗ್‌ನಲ್ಲಿ ಒಬ್ಬನೇ ಕೂತರೆ ಸಿಂಗಲ್, ಇಬ್ಬರಾದರೆ ಡಬಲ್, ನಾಲ್ವರಾದರೆ ಕ್ವಾಡ್. ದೂರ ಎಲ್ಲರಿಗೂ 2000 ಮೀಟರ್, ಆರು ಲೇನ್. ಕ್ವಾಡ್ ಒಲಿಂಪಿಕ್ಸ್‌ಗೆ ಬಂದಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅಂದರೆ ಈ ಆಟದ ಲೆಕ್ಕದಲ್ಲಿ ತೀರಾ ಇತ್ತೀಚಿನದು.

ಈಗ ಪಾಲೆಂಬಾಂಗ್‌ಗೆ ಬರೋಣ. ಭಾರತದ ಬೋಟ್‌ನಲ್ಲಿದ್ದವರು ಸವರ್ಣ್ ಸಿಂಗ್, ದತ್ತು ಭೋಕನಾಳ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್. ನಾಲ್ವರೂ ಸೇನೆಯವರು. ಇವರಲ್ಲಿ ಅಷ್ಟಿಷ್ಟು ಜನಕ್ಕೆ ಗೊತ್ತಿದ್ದ ಹೆಸರು ದತ್ತುವಿನದು. ನಾಶಿಕ್ ಜಿಲ್ಲೆಯ ತಳೇಗಾಂವ್ ರೋಹಿ ಎಂಬ ಊರಿನವರು. ನೀರಿಗೆ ಪರದಾಡುವ ಸೀಮೆ ಅದು. ಅಪ್ಪ ಬಾವಿ ತೋಡುವ ಕೆಲಸ ಮಾಡುತ್ತಿದ್ದರು, ಮಗನೂ ಕೈ ಜೋಡಿಸುತ್ತಿದ್ದ. 2012ರಲ್ಲಿ ಸೇನೆ ಸೇರಿದ ಮೇಲೆಯೇ ಅವರು ಹುಟ್ಟು ಹಿಡಿದದ್ದು. ನಾಲ್ಕೇ ವರ್ಷಕ್ಕೆ ರಿಯೊ ಒಲಿಂಪಿಕ್ಸ್, ಸಿಂಗಲ್ ಸ್ಕಲ್ಸ್‌ನಲ್ಲಿ 13ನೇ ಸ್ಥಾನ. ಆ ಸಲ ಭಾರತದಿಂದ ರೋಯಿಂಗ್‌ಗೆ ಹೋಗಿದ್ದು ಅವರೊಬ್ಬರೇ.

ಹಾಗಾಗಿ 2018ರಲ್ಲಿ ಎಲ್ಲರ ಕಣ್ಣೂ ದತ್ತುವಿನ ಸಿಂಗಲ್ ಮೇಲೆ. ಆಗಸ್ಟ್ 23, ಗುರುವಾರ. ಮೈ ಸರಿ ಇರಲಿಲ್ಲ, ಜ್ವರ. ಫೈನಲ್‌ನಲ್ಲಿ ಕೊನೆಯವರಾಗಿ ಬಂದರು. ಆ ದಿನ ಭಾರತದ ರೋಯಿಂಗ್ ತಂಡಕ್ಕೆ ಒಂದೇ ಒಂದು ಪದಕವೂ ಬರಲಿಲ್ಲ.

ಸಿಂಗಲ್‌ನಲ್ಲಿ ಕೊನೆಯವರಾಗಿ ಬರುವುದು ಎಂದರೆ ಏನು ಅಂತ ಒಂಚೂರು ಯೋಚಿಸಿ. ರೋಯಿಂಗ್‌ನಲ್ಲಿ ಕೂರುವುದು ಹಿಂದಕ್ಕೆ ಮುಖ ಮಾಡಿ. ಮುಂದಿರುವವನಿಗೆ ಹಿಂದಿರುವವರೆಲ್ಲ ಕಾಣುತ್ತಾರೆ. ಕೊನೆಯಲ್ಲಿರುವವನಿಗೆ ಯಾರೂ ಕಾಣುವುದಿಲ್ಲ, ಖಾಲಿ ನೀರು, ಹಿಂದೆ ಉಳಿದ ದಡ, ಅಷ್ಟೇ. ಉಳಿದ ಐದು ಜನ ಬೆನ್ನ ಹಿಂದೆ ಎಲ್ಲೋ ಇದ್ದಾರೆ. ಅವರ ಬೋಟ್ ಕಲಕಿ ಬಿಟ್ಟ ನೀರು ಮಾತ್ರ ಪಕ್ಕದ ಲೇನ್‌ನಲ್ಲಿ ಹಾದು ಹೋಗುತ್ತದೆ. ಇನ್ನೊಬ್ಬರ ಮೇಲೆ ಹಾಕೋಣ ಅಂದರೆ ಬೋಟ್‌ನಲ್ಲಿ ಇನ್ನೊಬ್ಬರಿಲ್ಲ.

ಮರುದಿನ ಬೆಳಗ್ಗೆ ಅದೇ ಮನುಷ್ಯ ಕ್ವಾಡ್‌ನಲ್ಲಿ ಬಂದು ಕೂತರು.

ಇಲ್ಲಿಗೆ ಬಂದಾಗಲೇ ನಾನು ವಿಡಿಯೋ ನಿಲ್ಲಿಸಿದ್ದು. ಯಾಕೆಂದರೆ ಕ್ವಾಡ್‌ನಲ್ಲಿ ಕೂತು ಬೈಸಿಕೊಂಡವನು ನಾನು. ಅದರ ಕಥೆ ಹೇಳದೆ ಮುಂದೆ ಹೋದರೆ ಈ ರೇಸ್ ಅರ್ಥ ಆಗುವುದಿಲ್ಲ.

ನಾಲ್ಕನೇ ವಾರ ಇರಬೇಕು. ಹೊಸಬರು ನಾಲ್ಕು ಜನ, ಅಗಲ ಜಾಸ್ತಿ ಇರುವ ಕಲಿಕೆಯ ಬೋಟ್. ನನಗೆ ಮೂರನೇ ಸೀಟು. ಮುಂದೆ ಒಂದು ಬೆನ್ನು, ಹಿಂದೆ ಇಬ್ಬರ ಉಸಿರು. ಹತ್ತು ಸಲ ಎಳೆದೆವು, ಚೆನ್ನಾಗಿತ್ತು. ಹನ್ನೊಂದನೆಯದು ಇನ್ನೂ ಚೆನ್ನಾಗಿತ್ತು, ಬೋಟ್ ಕೆಳಗೆ ನೀರು ಗುಳುಗುಳು ಅನ್ನುವ ಸದ್ದು ಮೊದಲ ಸಲ ಕೇಳಿಸಿತು. ನನಗೆ ಖುಷಿಯಾಯಿತು. ಖುಷಿಯಾದದ್ದೇ ತಪ್ಪು. ಹುಟ್ಟಿನ ಅಲಗನ್ನು ನೀರಿನಿಂದ ತೆಗೆಯುವ ಮೊದಲೇ ತಿರುಗಿಸಿಬಿಟ್ಟೆ. ಅಲಗು ಅಡ್ಡವಾಗಿ ನೀರೊಳಗೆ ಹೋಯಿತು, ಬೋಟ್ ಮುಂದೆ ಹೋಗುತ್ತಲೇ ಇತ್ತು, ಹಿಡಿ ತಿರುಗಿ ಬಂದು ಪಕ್ಕೆಲುಬಿಗೆ ಗುದ್ದಿತು. ಇದಕ್ಕೆ ರೋಯಿಂಗ್‌ನವರು ಕ್ರ್ಯಾಬ್ ಅನ್ನುತ್ತಾರೆ, ನೀರೊಳಗಿನ ಏಡಿ ಹುಟ್ಟನ್ನು ಕಚ್ಚಿ ಹಿಡಿದ ಹಾಗೆ. ನನ್ನ ಹಿಂದಿನವನ ಹಿಡಿ ನನ್ನ ಬೆನ್ನಿಗೆ ತಗುಲಿತು. ಬೋಟ್ ಎಡಕ್ಕೆ ವಾಲಿತು. ನಾಲ್ವರೂ ನಿಂತೆವು. ಪಕ್ಕದ ಮೋಟಾರ್ ಬೋಟ್‌ನಿಂದ ಕಲಿಸುವವರು ಮೈಕಿನಲ್ಲಿ ಹೇಳಿದ್ದು ಒಂದೇ ಮಾತು: "ಮೂರನೇ ಸೀಟು!"

ಹೆಸರಲ್ಲ, ಸೀಟು. ಇಡೀ ಕೆರೆಗೆ ಕೇಳಿಸಿತು.

ಆಮೇಲೆ ಒಂದು ವಿಷಯ ಗಮನಿಸಿದೆ. ಆ ಹನ್ನೊಂದನೇ ಎಳೆತ, ನೀರು ಗುಳುಗುಳು ಅಂದದ್ದು, ಅದು ಯಾರಿಂದ ಆಯಿತು? ಯಾರಿಗೂ ಗೊತ್ತಿಲ್ಲ. ಕಲಿಸುವವರಿಗೂ ಗೊತ್ತಿಲ್ಲ. ತಪ್ಪಿಗೆ ಸೀಟ್ ನಂಬರ್ ಇದೆ. ಸರಿಯಾದದ್ದಕ್ಕೆ ಇಲ್ಲ.

ಇನ್ನು ಆ ಬೋಟ್ ಬಗ್ಗೆ. ಸ್ಪರ್ಧೆಯ ಕ್ವಾಡ್ ಬೋಟ್ ಸುಮಾರು 13 ಮೀಟರ್ ಉದ್ದ. ನಿಯಮದ ಪ್ರಕಾರ ತೂಕ 52 ಕೆ.ಜಿ.ಗಿಂತ ಕಡಿಮೆ ಇರಬಾರದು. ಅಷ್ಟುದ್ದದ್ದು ಬರೀ ಐವತ್ತು ಚಿಲ್ಲರೆ ಕೆ.ಜಿ., ಎಲ್ಲಾ ಕಾರ್ಬನ್ ಫೈಬರ್. ಅದರಲ್ಲಿ ಕೂರುವ ನಾಲ್ಕು ಗಂಡಾಳುಗಳ ತೂಕ ಬೋಟ್‌ಗಿಂತ ಆರು ಪಟ್ಟು. ಸೀಟಿಗೆ ಚಕ್ರ ಇದೆ, ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪಾದ ಮಾತ್ರ ಬೋಟ್‌ಗೇ ಅಂಟಿಸಿದ ಶೂನಲ್ಲಿ ಕಟ್ಟಿಹಾಕಿದ ಹಾಗೆ ಇರುತ್ತದೆ.

ಇಲ್ಲೊಂದು ಮಜಾ ಇದೆ, ನನಗೆ ಇದನ್ನು ನಂಬಲು ಎರಡು ವಾರ ಬೇಕಾಯಿತು. ಬೋಟ್ ಅತಿ ಜೋರಾಗಿ ಓಡುವುದು ಹುಟ್ಟು ನೀರಿನಲ್ಲಿ ಇರುವಾಗ ಅಲ್ಲ. ಹುಟ್ಟು ನೀರಿನಿಂದ ಮೇಲೆದ್ದು, ನಾಲ್ವರೂ ಮಂಡಿ ಮಡಚುತ್ತಾ ಮತ್ತೆ ಮುಂದಿನ ಎಳೆತಕ್ಕೆ ಜಾರಿಕೊಂಡು ಬರುವಾಗ. ಆಗ ಅವರ ಮೈಭಾರವೆಲ್ಲ ಬೋಟ್‌ನ ಹಿಂತುದಿಯ ಕಡೆಗೆ ಹೋಗುತ್ತದೆ, ಪಾದಗಳು ಹಗುರವಾದ ಬೋಟನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ, ಬೋಟ್ ಅವರ ಕೆಳಗಿಂದ ಮುಂದಕ್ಕೆ ಜಾರಿ ಓಡುತ್ತದೆ. ನೋಡುವವರಿಗೆ ಅದು ಸುಧಾರಿಸಿಕೊಳ್ಳುವ ಹೊತ್ತು ಅನ್ನಿಸುತ್ತದೆ. ರೇಸ್ ಹಾಳಾಗುವುದೂ ಅಲ್ಲೇ. ಒಬ್ಬ ಅವಸರ ಮಾಡಿ ಬೇಗ ಜಾರಿ ಬಂದು ಧಡ್ ಅಂತ ನಿಂತರೆ, ಎಂಬತ್ತು ತೊಂಬತ್ತು ಕೆ.ಜಿ. ಮೈ ಬೋಟ್‌ಗೆ ಬ್ರೇಕ್ ಹಾಕಿದ ಹಾಗೆ. ಶಕ್ತಿ ಎಷ್ಟೇ ಇರಲಿ, ಆ ಬ್ರೇಕ್ ಅನ್ನು ಇನ್ನು ಮೂವರು ಹೊತ್ತುಕೊಳ್ಳಬೇಕು. ಇಂಥದ್ದು ಒಂದು ರೇಸ್‌ನಲ್ಲಿ ಇನ್ನೂರಕ್ಕೂ ಜಾಸ್ತಿ ಸಲ ಸರಿಯಾಗಿ ಬರಬೇಕು.

ಜೊತೆಗೆ ಕ್ವಾಡ್‌ನಲ್ಲಿ ಕಾಕ್ಸ್ ಇಲ್ಲ. ಅಂದರೆ ಮುಂದೆ ನೋಡಿಕೊಂಡು ಕೂಗಿ ಹೇಳುವ ಐದನೆಯವರು ಯಾರೂ ಇಲ್ಲ. ನಾಲ್ವರಲ್ಲೇ ಒಬ್ಬನ ಶೂಗೆ ತಂತಿ ಕಟ್ಟಿರುತ್ತದೆ, ಅವನು ಪಾದ ಆ ಕಡೆ ಈ ಕಡೆ ತಿರುಗಿಸಿದರೆ ಬೋಟ್‌ನ ಅಡಿಯ ಚುಕ್ಕಾಣಿ ತಿರುಗುತ್ತದೆ. ಮೈಯೆಲ್ಲಾ ಉರಿಯುತ್ತಿರುವಾಗ, ಉಸಿರು ಸಾಲದೆ ಕಣ್ಣು ಮಂಜಾಗುತ್ತಿರುವಾಗ, ಪಾದದಲ್ಲಿ ಅಷ್ಟು ನಾಜೂಕು ಇಟ್ಟುಕೊಳ್ಳಬೇಕು ಅಲ್ವಾ. ನಾನಂತೂ ಎರಡು ಕೈ ಬೇರೆ ಬೇರೆ ಮಾಡುವುದರಲ್ಲೇ ಸೋತವನು.

ಸರಿ, ಆಗಸ್ಟ್ 24, ಶುಕ್ರವಾರ. ಆ ಬೆಳಗ್ಗೆ ಕ್ವಾಡ್‌ಗಿಂತ ಮುಂಚೆಯೇ ಭಾರತಕ್ಕೆ ಎರಡು ಕಂಚು ಬಂದಿತ್ತು. ಲೈಟ್‌ವೇಟ್, ಅಂದರೆ ಮೈತೂಕಕ್ಕೆ ಮಿತಿ ಇರುವವರ ಸಿಂಗಲ್‌ನಲ್ಲಿ ದುಷ್ಯಂತ್ ಚೌಹಾಣ್. ರೇಸ್ ಮುಗಿದ ಮೇಲೆ ಅವರನ್ನು ಸ್ಟ್ರೆಚರ್ ಮೇಲೆ ಕರೆದೊಯ್ಯಬೇಕಾಯಿತು, ಅಷ್ಟು ಸುಸ್ತು. ಆಮೇಲೆ ಲೈಟ್‌ವೇಟ್ ಡಬಲ್‌ನಲ್ಲಿ ರೋಹಿತ್ ಕುಮಾರ್, ಭಗವಾನ್ ಸಿಂಗ್. ಗುರುವಾರದ ಬರಗಾಲ ಮುಗಿದಿತ್ತು ಅನ್ನಿ.

ಸ್ಟಾರ್ಟ್ ಅನ್ನುವುದು ನನಗೆ ಇಡೀ ರೇಸ್‌ನಲ್ಲಿ ಅತ್ಯಂತ ಇಷ್ಟದ ಭಾಗ. ತೇಲುವ ಕಟ್ಟೆಯ ಮೇಲೆ ಯಾರೋ ಬೋರಲು ಮಲಗಿ ಬೋಟ್‌ನ ಹಿಂತುದಿ ಹಿಡಿದುಕೊಂಡಿರುತ್ತಾರೆ. ನಾಲ್ವರೂ ಮಂಡಿ ಮಡಚಿ ತಯಾರಾಗಿ ಕೂತಿರುತ್ತಾರೆ, ಹುಟ್ಟುಗಳ ಅಲಗು ನೀರಿನಲ್ಲಿ ಮುಳುಗಿರುತ್ತದೆ. ಒಂದೊಂದೇ ದೇಶದ ಹೆಸರು ಕರೆಯುತ್ತಾರೆ. "ಅಟೆನ್ಷನ್." ಕೆಂಪು ದೀಪ. ಆಮೇಲೆ ಒಂದು ಖಾಲಿ ಹೊತ್ತು, ಎಷ್ಟು ಹೊತ್ತು ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಹಸಿರು ದೀಪ, ಬೀಪ್. ಮೊದಲ ಎಳೆತ ಅರ್ಧ ಮಾತ್ರ, ನಿಂತ ಬೋಟನ್ನು ಕೀಳಲು. ಎರಡನೆಯದೂ ಗಿಡ್ಡ. ಆಮೇಲೆ ಉದ್ದ ಉದ್ದ. ನಿಮಿಷಕ್ಕೆ ನಲವತ್ತು ದಾಟಿದ ಎಳೆತ, ನೀರು ಚಿಮ್ಮಿ ಏನೂ ಕಾಣದ ಹಾಗೆ.

ಪಾಲೆಂಬಾಂಗ್‌ನಲ್ಲಿ ಆತಿಥೇಯ ಇಂಡೊನೇಷ್ಯಾ ಕೂಡ ಫೈನಲ್‌ನಲ್ಲಿತ್ತು, ದಡದ ಕೂಗು ಯಾರ ಪರ ಅಂತ ಹೇಳಬೇಕಾಗಿಲ್ಲ. ಭಾರತದ ಬೋಟ್ 6 ನಿಮಿಷ 17.13 ಸೆಕೆಂಡಿಗೆ ಗೆರೆ ದಾಟಿತು. ಇಂಡೊನೇಷ್ಯಾ 6:20.58, ಬೆಳ್ಳಿ. ಥಾಯ್ಲೆಂಡ್ 6:22.41, ಕಂಚು. ಮೂರೂವರೆ ಸೆಕೆಂಡ್ ಎಂದರೆ ಚಿಟಿಕೆ ಹೊಡೆಯುವಷ್ಟು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿದೆ. ಆ ವೇಗದಲ್ಲಿ ಬೋಟ್ ಸೆಕೆಂಡಿಗೆ ಐದು ಮೀಟರ್‌ಗೂ ಸ್ವಲ್ಪ ಜಾಸ್ತಿ ಹೋಗುತ್ತದೆ. ಅಂದರೆ ನಡುವೆ ಸುಮಾರು 18 ಮೀಟರ್ ನೀರು, ಹತ್ತಿರ ಹತ್ತಿರ ಒಂದೂವರೆ ಬೋಟ್. ರೋಯಿಂಗ್‌ನಲ್ಲಿ ಇದು ನಿಚ್ಚಳ ಗೆಲುವು.

ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ಭಾರತಕ್ಕೆ ಅದು ಎರಡನೇ ಚಿನ್ನ. ಮೊದಲನೆಯದು 2010ರಲ್ಲಿ ಗುವಾಂಗ್‌ಝೌನಲ್ಲಿ ಬಜರಂಗ್ ಲಾಲ್ ತಾಖರ್ ಗೆದ್ದದ್ದು, ಸಿಂಗಲ್‌ನಲ್ಲಿ.

ಸುದ್ದಿಯವರಿಗೆ ಹಬ್ಬ. ನಿನ್ನೆ ಸೋತ ದತ್ತು ಇಂದು ಚಿನ್ನ ಗೆದ್ದರು ಅಂತ ಎಲ್ಲಾ ಕಡೆ ಬಂತು. ಕಥೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಆ ಬೋಟ್‌ಗೆ ಆ ಕಥೆ ಗೊತ್ತೇ ಇಲ್ಲ. ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಇವರಲ್ಲಿ ಯಾರು ನಿನ್ನೆ ಜ್ವರದಲ್ಲಿ ಕೊನೆಯವರಾಗಿ ಬಂದದ್ದು ಅಂತ ಹುಟ್ಟುಗಳನ್ನು ನೋಡಿ ಹೇಳಲು ನನಗೆ ಸಾಧ್ಯ ಆಗಲಿಲ್ಲ. ಎಂಟು ಅಲಗು ಒಟ್ಟಿಗೆ ಇಳಿಯುತ್ತವೆ, ಒಟ್ಟಿಗೆ ಏಳುತ್ತವೆ. ನನ್ನ ಪ್ರಕಾರ ಆ ಬೆಳಗ್ಗೆಯ ದೊಡ್ಡ ಕೆಲಸ ಅದೇ, ನಿನ್ನೆಯವನು ಇಂದು ಬೋಟ್‌ನಲ್ಲಿ ಗುರುತೇ ಸಿಗದ ಹಾಗೆ ಆಗಿದ್ದು. ಅವರು ತಮ್ಮ ಸೇಡನ್ನೋ ಸಂಕಟವನ್ನೋ ಹುಟ್ಟಿಗೆ ತಂದು ಒಂದು ಕೂದಲೆಳೆ ಜೋರಾಗಿ ಎಳೆದಿದ್ದರೂ ಬೋಟ್ ಸೊಟ್ಟ ಹೋಗುತ್ತಿತ್ತು. ಉಳಿದ ಮೂವರದ್ದೂ ಸಣ್ಣ ಕೆಲಸ ಏನಲ್ಲ. ಜ್ವರ ಬಿಟ್ಟೆದ್ದ ಗೆಳೆಯನ ಜೊತೆ ಕೂತಾಗ, ಅವನ ಪಾಲಿನದ್ದನ್ನೂ ನಾನೇ ಎಳೆದುಬಿಡುತ್ತೇನೆ ಅಂತ ಅನ್ನಿಸದೆ ಇರುತ್ತದೆಯೇ? ಹಾಗೆ ಮಾಡಿದರೆ ಕೆಟ್ಟಿತು. ಅವನನ್ನು ನಂಬಿ ನಿನ್ನ ಪಾಲು ನೀನು ಎಳಿ, ಅಷ್ಟೇ ದಾರಿ.

ಈಗ ಟೈಮ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಯಾರಾದರೂ ಕೇಳೇ ಕೇಳುತ್ತಾರೆ: 6:17 ಎಂದರೆ ಪ್ರಪಂಚದ ಲೆಕ್ಕದಲ್ಲಿ ಎಲ್ಲಿ? 2014ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಆಮ್‌ಸ್ಟರ್‌ಡಾಮ್‌ನಲ್ಲಿ, ಉಕ್ರೇನ್ 5:32.26ರಲ್ಲಿ ಮುಗಿಸಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್ ಅದನ್ನು 5:32.03ಕ್ಕೆ ಇಳಿಸಿತು. ಏಳು ವರ್ಷಕ್ಕೆ ಕಾಲು ಸೆಕೆಂಡೂ ಇಲ್ಲ! ನಮ್ಮವರು ಮುಕ್ಕಾಲು ನಿಮಿಷ ಹಿಂದೆ, ಹೌದು. ಆದರೆ ಈ ಆಟದಲ್ಲಿ ಗಡಿಯಾರ ನಂಬಿಕಸ್ತ ಅಲ್ಲ. ಗಾಳಿ ಬೆನ್ನಿಗೆ ಬೀಸಿತೋ ಎದುರಿಗೆ ಬೀಸಿತೋ, ನೀರು ಹೇಗಿತ್ತೋ, ಅದರ ಮೇಲೆ ಸೆಕೆಂಡುಗಳು ಹತ್ತಿಪ್ಪತ್ತು ಆ ಕಡೆ ಈ ಕಡೆ ಆಗುತ್ತವೆ. ಅದಕ್ಕೇ ಇಲ್ಲಿ ವಿಶ್ವದಾಖಲೆ ಅನ್ನುವುದಿಲ್ಲ, ವಿಶ್ವದ ಉತ್ತಮ ಸಮಯ ಅನ್ನುತ್ತಾರೆ.

ನಂಬಿಕೆ ಬರದಿದ್ದರೆ ಇದನ್ನು ಕೇಳಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕ್ವಾಡ್ 6:08.61ರಲ್ಲಿ ಮುಗಿಸಿತು. ಪಾಲೆಂಬಾಂಗ್‌ನ ಚಿನ್ನಕ್ಕಿಂತ ಎಂಟೂವರೆ ಸೆಕೆಂಡ್ ಬೇಗ. ಸಿಕ್ಕಿದ್ದು ಕಂಚು. ಚೀನಾಕ್ಕೆ ಚಿನ್ನ, ಉಜ್ಬೇಕಿಸ್ತಾನಕ್ಕೆ ಬೆಳ್ಳಿ. ಆ ಬೋಟ್‌ನಲ್ಲಿ ಸತ್ನಾಮ್ ಸಿಂಗ್, ಪರ್ಮಿಂದರ್ ಸಿಂಗ್, ಜಾಕರ್ ಖಾನ್, ಮತ್ತೆ ನಮ್ಮ ಸುಖ್‌ಮೀತ್ ಸಿಂಗ್. ಎರಡೂ ಬೋಟ್‌ನಲ್ಲಿ ಇದ್ದವರು ಅವರೊಬ್ಬರೇ. ಬೇಗ ಹೋಗಿ ಕಂಚು, ನಿಧಾನವಾಗಿ ಹೋಗಿ ಚಿನ್ನ, ಎರಡನ್ನೂ ಕಂಡ ಮನುಷ್ಯನನ್ನು ಒಂದು ದಿನ ಕೂರಿಸಿಕೊಂಡು ಮಾತಾಡಿಸಬೇಕು ಅಂತ ನನಗೆ ಆಸೆ.

ಡಚ್ಚರ ಬಗ್ಗೆ ಒಂದೇ ಮಾತು, ಆಮೇಲೆ ಮುಗಿಸುತ್ತೇನೆ. ಟೋಕಿಯೊದಲ್ಲಿ ಗೆದ್ದ ನಾಲ್ವರಲ್ಲಿ ಇಬ್ಬರು, ಕುನ್ ಮೆಟ್ಸೆಮಾಕರ್ಸ್ ಮತ್ತು ಟೋನ್ ವೀಟನ್, 2024ರಲ್ಲಿ ಪ್ಯಾರಿಸ್‌ನಲ್ಲೂ ಕೂತರು. ಉಳಿದ ಎರಡು ಸೀಟಿಗೆ ಹೊಸಬರು, ಲೆನಾರ್ಟ್ ವಾನ್ ಲೀರೋಪ್ ಮತ್ತು ಫಿನ್ ಫ್ಲೋರೈನ್. ಮತ್ತೆ ಚಿನ್ನ, 5:42.00. ಈ ಫಿನ್ ಮನೆಯ ಕಥೆ ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಅಪ್ಪ ರೊನಾಲ್ಡ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಡಬಲ್ ಸ್ಕಲ್ಸ್ ಚಿನ್ನ ಗೆದ್ದವರು, ಅಕ್ಕ ಕಾರೋಲಿನ್ ಅದೇ ಪ್ಯಾರಿಸ್‌ನಲ್ಲಿ ಸಿಂಗಲ್ ಚಿನ್ನ ಗೆದ್ದರು. ಅವರ ಮನೆಯಲ್ಲಿ ಗೆಣ್ಣಿನ ಗಾಯಕ್ಕೆ ಯಾರೂ ತಿರುಗಿ ಸಹ ನೋಡುವುದಿಲ್ಲ ಅನ್ನಿಸುತ್ತದೆ. ಆದರೆ ಆ ರೇಸ್‌ನಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಅವರನ್ನಲ್ಲ, ಹಿಂದೆ ಬರುತ್ತಿದ್ದ ಇಟಲಿ ಮತ್ತು ಪೋಲೆಂಡ್ ಬೋಟ್‌ಗಳನ್ನು. 5:44.40, 5:44.59. ಎರಡು ಸಾವಿರ ಮೀಟರ್ ಎಳೆದು ಬಂದು ಒಂದು ಮೀಟರ್‌ನಷ್ಟು ಅಂತರ. ಬೋಟ್‌ನ ಮೂತಿಯಲ್ಲಿ ಒಂದು ಸಣ್ಣ ಬಿಳಿ ರಬ್ಬರ್ ಚೆಂಡು ಇರುತ್ತದೆ, ಡಿಕ್ಕಿಯಾದರೆ ಯಾರಿಗೂ ಚುಚ್ಚದಿರಲಿ ಅಂತ. ಯಾರು ಮೊದಲು ಅಂತ ತೀರ್ಮಾನ ಆಗುವುದು ಆ ಚೆಂಡು ಗೆರೆ ಮುಟ್ಟಿದ್ದನ್ನು ನೋಡಿ.

ಆಮೇಲೆ ಜಿಮ್‌ನಲ್ಲಿರುವ ರೋಯಿಂಗ್ ಮೆಷಿನ್ ಮೇಲೆ ನಾನೂ 2000 ಮೀಟರ್ ಹೊಡೆದೆ, ಪಾಲೆಂಬಾಂಗ್ ಟೈಮ್ ತಲೆಯಲ್ಲಿಟ್ಟುಕೊಂಡು. 6 ನಿಮಿಷ 17 ಸೆಕೆಂಡ್ ಆದಾಗ ಪರದೆಯಲ್ಲಿ ಇನ್ನೂ 760 ಮೀಟರ್ ಬಾಕಿ ಇತ್ತು. ಗಾಳಿ ಇಲ್ಲ, ಅಲೆ ಇಲ್ಲ, ಚುಕ್ಕಾಣಿ ಇಲ್ಲ, ಕ್ರ್ಯಾಬ್ ಹಿಡಿಯುವ ಭಯವೂ ಇಲ್ಲ, ಒಂದೇ ಹಿಡಿಯಾದ್ದರಿಂದ ಗೆಣ್ಣು ಕೂಡ ಸುಲಿಯುವುದಿಲ್ಲ. ಪಕ್ಕದ ಮೆಷಿನ್‌ನ ಹುಡುಗ ಇಯರ್‌ಫೋನ್ ತೆಗೆದು "ಸರ್, ನೀರು ಬೇಕಾ?" ಅಂತ ಕೇಳಿದ. ಬೇಡ ಅಂತ ಕೈ ಆಡಿಸಿದೆ, ಮಾತಾಡಲು ಉಸಿರು ಇರಲಿಲ್ಲ.